ತಡಮೆಯ ಹೊರಗೆ ಇಟ್ಟ ಚೀಲ

ಗಾಸ್ಪರ್ ಮೊರಾಸ್ ಎಂಬ ದರ್ಜಿ ಬಿದಿರಿನ ತಡಮೆ ದಾಟಿ ಅಂಗಳಕ್ಕೆ ಕಾಲಿಟ್ಟರೆ ಸಾಕು, ಆ ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದವರಿಗೆ ತಮ್ಮ ಕಾಲ ಮುಗಿಯಿತೆಂದು ಅನಿಸುತ್ತಿತ್ತು. ಗಾಸ್ಪರರನ್ನು ಕಂಡರೆ ನಾಯಿಗಳು ಕೂಡ ಬೊಗಳುವುದನ್ನು ಬಿಟ್ಟು ಹಿತ್ತಿಲಿಗೆ ಓಡುತ್ತವೆ ಎಂದು ಬಟ್ಟೆಯಂಗಡಿಯ ಮಹಮ್ಮದ್ ಕುಂಞಿಯವರು ಪೇಟೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ನಾಯಿಗಳ ವಿಷಯ ಸುಳ್ಳು. ಮನುಷ್ಯರು ಸುಮ್ಮನಾಗುತ್ತಿದ್ದುದನ್ನು ಮಾತ್ರ ನಾನೇ ನೋಡಿದ್ದೇನೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಒಳಕೋಣೆಯಿಂದ ಯಾರೋ ಸಣ್ಣ ದನಿಯಲ್ಲಿ, "ಯಾರು ಬಂದದ್ದು?" ಎಂದು ಕೇಳುತ್ತಿದ್ದರು.

ಹೀಗೆ ಎಲ್ಲರನ್ನೂ ಹೆದರಿಸಿದ ಮನುಷ್ಯನ ಕೆಲಸ ಧೈರ್ಯ ಹೇಳುವುದಾಗಿತ್ತು. ಸಾವೆಂದರೆ ಅವರಷ್ಟು ಹೆದರುತ್ತಿದ್ದವರು ಆ ಹೊಳೆಬದಿಯಲ್ಲಿ ಇನ್ನೊಬ್ಬರಿರಲಿಲ್ಲ. ಇದು ಮೊದಲಿನಿಂದ ಅವರ ಹೆಂಡತಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹೆಂಡತಿ ಮೊದಲೇ ಹೋದರು. ಈಗ ಅವರೂ ಹೋದರು. ಮೊದಲಿನಿಂದ ಗೊತ್ತಿದ್ದವನು ನಾನೊಬ್ಬನೇ ಉಳಿದೆ ಎನ್ನುವುದು ನನಗೆ ಸಹಿಸಲಾಗದೆ ಇದನ್ನು ಬರೆಯುತ್ತಿದ್ದೇನೆ.

ಪಾಣೆಮಂಗಳೂರಿನಲ್ಲಿ ಮಹಮ್ಮದ್ ಕುಂಞಿಯವರ ಬಟ್ಟೆಯಂಗಡಿಯ ಜಗಲಿಯ ಮೇಲೆ ಗಾಸ್ಪರರ ಹೊಲಿಗೆ ಮೆಷಿನು ಇತ್ತು. ನಾನು ಅಲ್ಲಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರು ಮೂಡುಬಿದಿರೆಯಾದ್ದರಿಂದ ವಾರದ ದಿನಗಳಲ್ಲಿ ಒಂಟಿಯಾಗಿದ್ದು, ಶಾಲೆ ಬಿಟ್ಟ ಮೇಲೆ ಆ ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಅವರು ಮೆಷಿನು ತುಳಿಯುತ್ತ ಕೇಳುತ್ತಿದ್ದರು. ಬಸ್ಸು ಮಗುಚಿ ಬಿದ್ದ ಸುದ್ದಿ, ದೋಣಿ ಮುಳುಗಿದ ಸುದ್ದಿ ಬಂದರೆ ಮೆಷಿನು ನಿಲ್ಲುತ್ತಿತ್ತು. "ಅದು ಬೇಡ ಮಾಷ್ಟ್ರೇ. ಸಿನಿಮಾದ್ದು ಓದಿ," ಎನ್ನುತ್ತಿದ್ದರು.

ಅವರ ಮನೆ ಪೇಟೆಯಿಂದ ಮೈಲು ದೂರ, ನೇತ್ರಾವತಿಯ ಬದಿಯಲ್ಲಿ. ಅಲ್ಲಿ ಕ್ರೈಸ್ತರ ಕೆಲವು ಮನೆಗಳಿದ್ದವು. ಇಗರ್ಜಿ, ಅಂದರೆ ಅವರ ಚರ್ಚು, ಹೊಳೆಯ ಆಚೆ ದಡದಲ್ಲಿ. ಪಾದ್ರಿಯೊಬ್ಬರೇ ಎಲ್ಲ ಕಡೆ ತಲುಪಲಾರರೆಂದು ಪ್ರತಿ ವಾರ್ಡಿಗೂ ಒಬ್ಬ ಗುರಿಕಾರನನ್ನು ನೇಮಿಸುವ ಪದ್ಧತಿ ಅವರಲ್ಲಿದೆ. ಹಬ್ಬದ ಸುದ್ದಿ ಮನೆಮನೆಗೆ ಮುಟ್ಟಿಸುವುದು, ಬೇಲಿ ಜಗಳ ಬಿಡಿಸುವುದು, ಮುನಿಸಿಕೊಂಡು ಪೂಜೆಗೆ ಬಾರದವರನ್ನು ಒಲಿಸುವುದು ಗುರಿಕಾರನ ಕೆಲಸ. ಯಾರಾದರೂ ಸಾಯುವ ಹೊತ್ತಿಗೆ ಪಾದ್ರಿ ಬರಲಾಗದಿದ್ದರೆ ಬಳಿಯಲ್ಲಿ ಕುಳಿತು ಪ್ರಾರ್ಥನೆ ಓದುವುದೂ ಅವನದೇ. ಫೆಬ್ರವರಿಯಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿ ತಂದ ಮೇಣದಬತ್ತಿಯನ್ನು ಉರಿಸಿ, ಹೋಗುವವರ ಕೈಯಲ್ಲಿ ಹಿಡಿಸಬೇಕು.

ಹಳೆಯ ಗುರಿಕಾರರು ತೀರಿಕೊಂಡಾಗ, ಎಪ್ಪತ್ತೊಂದರಲ್ಲಿ, ಪಾದ್ರಿಯವರು ಗಾಸ್ಪರರನ್ನು ಕರೆದರು. ಕಾರಣ ಅವರ ದನಿ. ಕೊಂಕಣಿ ಪ್ರಾರ್ಥನೆಯನ್ನು ಅವರು ಓದಿದರೆ ಮಕ್ಕಳೂ ಸುಮ್ಮನಾಗುತ್ತಿದ್ದವು. "ನನಗೆ ಆಗುದಿಲ್ಲ ಫಾದರ್," ಎಂದು ಹೇಳಲು ಹೋದವರು "ಆಗ್ಲಿ ಫಾದರ್," ಎಂದು ಹೇಳಿ ಬಂದರು. ಬಂದವರೇ ಜಗಲಿಯಲ್ಲಿ ಕುಳಿತು ನನಗೊಂದು ಮಾತು ಹೇಳಿದರು.

ಅವರು ಚಿಕ್ಕವರಿದ್ದಾಗ ಅಜ್ಜಿಯ ಕೊನೆಯ ಹೊತ್ತಿನಲ್ಲಿ ಕೈಗೆ ಬತ್ತಿ ಹಿಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತಂತೆ. ದೊಡ್ಡವರೆಲ್ಲ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಕರಗಿದ ಮೇಣ ಅಜ್ಜಿಯ ಹೆಬ್ಬೆರಳಿನ ಮೇಲೆ ಬಿತ್ತು.

"ಅಜ್ಜಿ ಕೈ ಎಳ್ಕೊಳ್ಳಲಿಲ್ಲ ಮಾಷ್ಟ್ರೇ. ಆಗ ನನಗೆ ಗೊತ್ತಾಯ್ತು. ಬೇರೆ ಯಾರಿಗೂ ಇನ್ನೂ ಗೊತ್ತಿರ್ಲಿಲ್ಲ. ಅಷ್ಟು ಜನ ಇದ್ರು, ಆ ಕೋಣೆಯಲ್ಲಿ ನಾನೊಬ್ಬನೇ."

ಹೇಳುವಾಗ ಅವರು ತಮ್ಮ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದಿದ್ದರು.

ಅವರ ಹೆಂಡತಿ ಮಾಗ್ದು ಬಾಯಿ ಬಲು ಗಟ್ಟಿ ಹೆಂಗಸು. ಮಕ್ಕಳಿರಲಿಲ್ಲ, ಗಂಡನನ್ನೇ ಗದರಿಸಿ ಬೆಳೆಸುತ್ತಿದ್ದರು. "ಹೆಣ ಎದ್ದು ಬರ್ತದಾ ನಿಮ್ಮ ಹಿಂದೆ? ಬಂದ್ರೆ ಒಳ್ಳೇದೇ ಅಲ್ವಾ, ಒಂದು ಅಂಗಿಯ ಅಳತೆ ತಕ್ಕೊಳ್ಳಿ," ಎನ್ನುತ್ತಿದ್ದರು. ಖಾಕಿ ಬಟ್ಟೆಯಲ್ಲಿ ಗಾಸ್ಪರರು ಒಂದು ಚೀಲ ಹೊಲಿದುಕೊಂಡರು. ಬತ್ತಿ, ಶಿಲುಬೆ, ಪ್ರಾರ್ಥನೆಯ ಪುಸ್ತಕ ಅದರಲ್ಲಿ. ಚೀಲವನ್ನು ಮನೆಯೊಳಗೆ ಇಡಲು ಅವರಿಗೆ ಧೈರ್ಯವಿಲ್ಲದೆ ಚಾವಡಿಯ ಮೊಳೆಗೆ ತೂಗುಹಾಕುತ್ತಿದ್ದರು. ಕರೆ ಬಂದಾಗ ಒಬ್ಬರೇ ಹೋಗಲಾರದೆ, ನಾನಿದ್ದರೆ ನನ್ನನ್ನು ಕರೆಯುತ್ತಿದ್ದರು. "ತಡಮೆಯವರೆಗೆ ಬನ್ನಿ ಮಾಷ್ಟ್ರೇ, ಸಾಕು." ನಾನು ಜೈನ, ಅವರ ಪ್ರಾರ್ಥನೆಯಲ್ಲಿ ನನಗೆ ಕೆಲಸವಿರಲಿಲ್ಲ. ತಡಮೆಯ ಬಳಿ ನಿಂತಿರುತ್ತಿದ್ದೆ. ಒಳಗಿನಿಂದ ಅವರ ದನಿ ಬರುತ್ತಿತ್ತು, ಸ್ವಲ್ಪವೂ ನಡುಗದ ದನಿ. ಮುಗಿಸಿ ಹೊರಬಂದು ಗದ್ದೆಯ ಬದುವಿನ, ಕಟ್ಟಪುಣಿಯ, ಮೇಲೆ ಕುಳಿತು ವಾಂತಿ ಮಾಡುತ್ತಿದ್ದರು.

ಒಮ್ಮೆ ಕೇಳಿದರು, "ನಿಮ್ಮಲ್ಲಿ ಹೆದರಿಕೆಯೇ ಇಲ್ವಂತೆ ಹೌದಾ? ಊಟ ಬಿಟ್ಟು ಸಾವಿಗೆ ಕಾಯ್ತಾ ಕೂತ್ಕೊಳ್ತಾರಂತೆ."

"ಎಲ್ಲರೂ ಅಲ್ಲ. ನಾವು ಕಿವಿಯಲ್ಲಿ ಮಂತ್ರ ಹೇಳ್ತಾ ಇದ್ರೆ ನನ್ನ ಅಜ್ಜ, ಡಾಕ್ಟ್ರನ್ನು ಕರೀರಿ ಅಂತ ಬೊಬ್ಬೆ ಹಾಕಿದ್ರು," ಎಂದೆ.

ಅವರಿಗೆ ತುಂಬ ಸಮಾಧಾನವಾಯಿತು. ಸ್ವಲ್ಪ ಹೊತ್ತು ನಕ್ಕು, ಆಮೇಲೆ ದಾರವನ್ನು ಸೂಜಿಗೆ ಪೋಣಿಸುತ್ತ, "ಎಲ್ಲರಿಗೂ ನಾನು ಉಂಟು ಮಾಷ್ಟ್ರೇ. ನನ್ನ ಸರದಿ ಬಂದಾಗ ಯಾರು?" ಎಂದರು. ನಾನು ಏನೋ ತಮಾಷೆ ಹೇಳಿದೆ. ಅವರು ನಗಲಿಲ್ಲ. ಆ ಪ್ರಶ್ನೆಯನ್ನು ಅವರು ಮುಂದೆಯೂ ಬಿಡಲಿಲ್ಲ. ಮಾತಿನ ಮಧ್ಯೆ, ಬಸ್ಸಿಗೆ ಕಾಯುವಾಗ, ಗುಂಡಿ ಹೊಲಿಯುವಾಗ ಕೇಳುತ್ತಿದ್ದರು. ನನ್ನ ಸರದಿಗೆ ಯಾರು?

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ನೇತ್ರಾವತಿ ಪೇಟೆಯೊಳಗೆ ಬಂತು. ಬಂಟ್ವಾಳದ ಅಂಗಡಿಗಳ ಹೆಂಚಿನ ಮಾಡು ಮಾತ್ರ ಕಾಣುತ್ತಿತ್ತು. ಶಾಲೆಗೆ ರಜೆ ಕೊಟ್ಟರೂ ಊರಿಗೆ ಹೋಗಲು ದಾರಿಯಿಲ್ಲದೆ ನಾನು ಎತ್ತರದಲ್ಲಿದ್ದ ಕುಂಞಿಯವರ ಅಂಗಡಿಯಲ್ಲೇ ಉಳಿದಿದ್ದೆ. ಗಾಸ್ಪರರೂ ಅಲ್ಲಿದ್ದರು. ಮಧ್ಯಾಹ್ನ ಹೊಳೆಬದಿಯಿಂದ ಆಳು ಬಂದ. ಸಿಪ್ರಿಯ ಹೆಂಡತಿ ದುಲ್ಸಿನಳಿಗೆ ಜ್ವರ ಜೋರಾಗಿದೆ, ಅತ್ತೆ ಅಪೊಲಿನ್ ಬಾಯಿ ಗುರಿಕಾರರನ್ನು ಬರಹೇಳಿದ್ದಾರೆ.

ದುಲ್ಸಿನ್ ಕಕ್ಕಿಂಜೆಯ ಹುಡುಗಿ. ಮದುವೆಯಾಗಿ ಬಂದು ವರ್ಷವಾಗಿತ್ತು. ಹೆಣ್ಣು ಮಗು ಹುಟ್ಟಿ ಕೆಲವು ದಿನಗಳಾಗಿದ್ದವು; ಹೆರಿಗೆಯ ಬೆನ್ನಿಗೆ ಜ್ವರ ಬಂದಿತ್ತು. ಗಾಸ್ಪರರು ಮನೆಗೆ ಹೋಗಿ ಚೀಲ ತೆಗೆದುಕೊಂಡರು. ಮೆಷಿನಿನ ಮುಂದಿನಿಂದ ಎದ್ದು ಬಂದಿದ್ದರಿಂದ ಅಳತೆಯ ಟೇಪು ಕೊರಳಲ್ಲೇ ಇತ್ತು. ನಾನು ಹಿಂದಿನಿಂದ ನಡೆದೆ. ದಿಬ್ಬದ ಮೇಲಿನ ಮನೆಗಳನ್ನು ಬಿಟ್ಟರೆ ಗದ್ದೆಗಳೆಲ್ಲ ಕೆಂಪು ನೀರು. ಕಟ್ಟಪುಣಿ ಎಲ್ಲಿದೆ ಎಂದು ಕೋಲಿನಿಂದ ಕುಟ್ಟಿ ನೋಡಿ ಹೆಜ್ಜೆ ಇಡಬೇಕು. ಬೇಲಿಯ ಮುಳ್ಳುಗಳಿಗೆ ಹಾವುಗಳು ಸುತ್ತಿಕೊಂಡಿದ್ದವು. ಸತ್ತ ಕರುವೊಂದು ನಮ್ಮ ಪಕ್ಕದಲ್ಲೇ ತೇಲುತ್ತ, ನಾವು ನಿಂತರೆ ನಿಂತು, ನಡೆದರೆ ನಡೆದು ಬರುತ್ತಿರುವಂತೆ ಕಂಡಿತು. ಗಾಸ್ಪರರು ಅದನ್ನು ನೋಡಬಾರದೆಂದು ಕೊಡೆಯನ್ನು ಆ ಕಡೆಗೆ ವಾಲಿಸಿ ಹಿಡಿದಿದ್ದರು.

ತಡಮೆಯ ಬಳಿ ಸಿಪ್ರಿ ದೊಣ್ಣೆ ಹಿಡಿದು ನಿಂತಿದ್ದ.

"ಗುರಿಕಾರ್ರೇ, ಅಲ್ಲೇ ನಿಲ್ಲಿ."

"ನಿನ್ನ ಅಮ್ಮ ಹೇಳಿ ಕಳಿಸಿದ್ದು ಮಾರಾಯ."

"ಅಮ್ಮನಿಗೆ ತಲೆ ಸರಿ ಇಲ್ಲ. ನಿಮ್ಮನ್ನು ಕಂಡ್ರೆ ಅವಳು ಈಗಲೇ ಹೋಗ್ತಾಳೆ. ನೆರೆ ಬರುವ ಮೊದ್ಲು ಡಾಕ್ಟ್ರು ನೋಡಿದ್ದಾರೆ. ಗುಳಿಗೆ, ಗಂಜಿ ಹೊಟ್ಟೆಗೆ ಹೋದ್ರೆ ಬದುಕ್ತಾಳೆ ಅಂತ ಹೇಳಿದ್ದಾರೆ. ಅವಳು ಬಾಯಿ ಬಿಡುದಿಲ್ಲ. ಅವಳ ಅಮ್ಮ ಹೆತ್ತು ಹೀಗೇ ಹೋದದ್ದಂತೆ. ನಾನೂ ಹೋಗ್ತೇನೆ ಅಂತ ಹಲ್ಲು ಕಚ್ಚಿ ಮಲಗಿದ್ದಾಳೆ."

ಚಾವಡಿಯಿಂದ ಅಪೊಲಿನ್ ಬಾಯಿ ಕೂಗಿದರು. "ಬನ್ನಿ ಗುರಿಕಾರ್ರೇ, ಅವನ ಮಾತು ಕೇಳ್ಬೇಡಿ! ಪ್ರಾರ್ಥನೆ ಇಲ್ಲದೆ ಜೀವ ಹೋದ್ರೆ ನಾಳೆ ದೇವರಿಗೆ ಯಾರು ಉತ್ತರ ಕೊಡುದು? ಇವನಾ?"

ಗಾಸ್ಪರರು ನನ್ನ ಕಡೆಗೆ ತಿರುಗಿದರು. "ಎಂಥ ಮಾಡುದು ಮಾಷ್ಟ್ರೇ? ಹೋದ್ರೆ ಕೊಂದ ಹಾಗೆ. ಹೋಗದಿದ್ರೆ ಕೈಬಿಟ್ಟ ಹಾಗೆ."

ಹಿಂದೆ ಹೊಳೆ ಗುಡುಗುತ್ತಿತ್ತು. ಇಗರ್ಜಿಯ ಗಂಟೆ ಆ ದಿನ ಕೇಳಿಸಲೇ ಇಲ್ಲ. ಕೊನೆಗೆ ಅವರು ಹೆಗಲಿನಿಂದ ಚೀಲ ತೆಗೆದು ತಡಮೆಯ ಗೂಟಕ್ಕೆ ತೂಗುಹಾಕಿದರು. ಅದು ನೆನೆಯಬಾರದೆಂದು ಕೊಡೆಯನ್ನು ಅದರ ಮೇಲೆ ಸಿಕ್ಕಿಸಿದರು. ತಾವು ಮಳೆಯಲ್ಲಿ ನಿಂತು ಸಿಪ್ರಿಗೆ ಹೇಳಿದರು. "ಚೀಲ ಇಲ್ಲಿರ್ತದೆ. ಗುರಿಕಾರನೂ ಇಲ್ಲೇ ಇರ್ತಾನೆ. ಟೈಲರನ್ನು ಒಳಗೆ ಬಿಡು."

ಸಿಪ್ರಿ ದೊಣ್ಣೆ ತಗ್ಗಿಸಿದ. ನಾನು ಆ ದಿನ ಮೊದಲ ಬಾರಿಗೆ ಚಾವಡಿಯವರೆಗೆ ಹೋದೆ. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಯ ಪರದೆ ಮಾತ್ರ ಇದ್ದುದರಿಂದ ಒಳಗಿನದೆಲ್ಲ ಕೇಳಿಸುತ್ತಿತ್ತು. ಮೊದಲು ಕೇಳಿಸಿದ್ದು ದುಲ್ಸಿನಳ ಚೀರಾಟ. ಅವಳು ನೋಡಿದ್ದು ಒದ್ದೆ ಮುಖದ ಗುರಿಕಾರನನ್ನು, ಮತ್ತು ಅವರ ಕೈಗೆ ಬಂದಿದ್ದ ಟೇಪನ್ನು.

"ಹೆಣದ ಪೆಟ್ಟಿಗೆಗೆ ಅಳತೆಯಾ? ನನ್ನ ಪೆಟ್ಟಿಗೆಗೆ ಅಳತೆಯಾ?"

"ಪೆಟ್ಟಿಗೆಗೆ ಅಳತೆ ತೆಗಿಯುದು ಆಚಾರಿ. ನಾನು ಟೈಲರು. ಮಗುವಿನ ಬಪ್ತಿಸ್ಮಕ್ಕೆ ಇಗರ್ಜಿಗೆ ಬರುವಾಗ ನಿನಗೆ ರವಕೆ ಬೇಡವಾ? ಮದುವೆಗೆ ಹೊಲಿದದ್ದು ಈಗ ಆಗ್ಲಿಕ್ಕಿಲ್ಲ. ಕೈ ಎತ್ತು."

"ನಾನು ಬಪ್ತಿಸ್ಮಕ್ಕೆ ಇರುದಿಲ್ಲ."

"ಇರದಿದ್ರೆ ಬೇಡ. ಅಳತೆ ಕೊಡು. ರವಕೆ ನಿನ್ನ ಅತ್ತೆಗಾದ್ರೂ ಆಗ್ತದೆ."

"ನನಗೆ ಅವಳ ರವಕೆಯಾ?" ಅಪೊಲಿನ್ ಬಾಯಿ ಅಳುವುದನ್ನು ನಿಲ್ಲಿಸಿ ಬಾಗಿಲಲ್ಲಿ ಸಿಡುಕಿದರು. "ನನ್ನ ಒಂದು ಕೈ ಹೋಗ್ಲಿಕ್ಕಿಲ್ಲ ಅದರಲ್ಲಿ!"

ಮಗು ಎದ್ದು ಅತ್ತಿತು. ಯಾರೋ ಎತ್ತಿಕೊಂಡರು. ಆಮೇಲೆ ದುಲ್ಸಿನ್ ಬೇರೆಯೇ ದನಿಯಲ್ಲಿ ಕೇಳಿದಳು.

"ನಿಮ್ಮ ಕೈ ಯಾಕೆ ನಡುಗ್ತದೆ? ಚಳಿಯಾ?"

"ಅಲ್ಲ. ಹೆದರಿಕೆ."

"ನಿಮಗೆ ಎಂಥ ಹೆದರಿಕೆ?"

"ನಿನ್ನ ಗಂಡ ಹೊರಗೆ ದೊಣ್ಣೆ ಹಿಡ್ಕೊಂಡಿದ್ದಾನೆ." ಆಮೇಲೆ ಅವರೇ ಮುಂದುವರಿಸಿದರು. "ಅದಲ್ಲ. ನನಗೆ ಎಲ್ಲ ಮನೆಯಲ್ಲೂ ಹೆದರಿಕೆ. ನೀನು ಹೋಗ್ತೀಯಾ ಅಂತ ಹೆದರಿಕೆ. ಹೋಗುವಾಗ ನಾನು ಬಳಿಯಲ್ಲಿ ಇರ್ಬೇಕಲ್ಲ ಅಂತ ಅದಕ್ಕಿಂತ ಹೆಚ್ಚು ಹೆದರಿಕೆ."

"ಗುರಿಕಾರನಿಗೇ ಹೆದರಿಕೆ ಆದ್ರೆ ನನಗೆ ಯಾರು ಧೈರ್ಯ ಹೇಳುದು?"

"ಧೈರ್ಯ ನನ್ನ ಹತ್ತಿರ ಇಲ್ಲ ಮಗಾ. ಸೇರಿ ಹೆದರುವ. ಒಬ್ಬಳೇ ಹೆದರ್ಬೇಡ, ಅಷ್ಟೇ. ಗಂಜಿ ಇಲ್ಲುಂಟು. ನೀನು ಒಂದು ಗುಟುಕು, ನಾನೊಂದು ಗುಟುಕು. ನನಗೂ ಬೆಳಿಗ್ಗೆಯಿಂದ ಗಂಟಲಲ್ಲಿ ಇಳಿಲಿಲ್ಲ."

ಬಟ್ಟಲಿನ ಸದ್ದು ಕೇಳಿಸಿದ ಮೇಲೆ ಸಿಪ್ರಿ ದೊಣ್ಣೆಯನ್ನು ಗೋಡೆಗೆ ಒರಗಿಸಿದ.

ಅವಳು ಅಂದೇ ಚೇತರಿಸಿಕೊಂಡಳು ಎಂದರೆ ಸುಳ್ಳಾಗುತ್ತದೆ. ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಸಂಜೆ ಅವಳಿಗೆ ಯಾರ ಗುರುತೂ ಸಿಗಲಿಲ್ಲ. ಗಾಸ್ಪರರು ದಿನವೂ ಹೋದರು. ಕೊರಳಿನ ಅಳತೆ ತಪ್ಪಿತು, ತೋಳಿನ ಅಳತೆ ಮರೆತುಹೋಯಿತು, ಬಟ್ಟೆಯ ಬಣ್ಣ ಕೇಳಬೇಕಿತ್ತು. ದಿನವೂ ಚೀಲ ತಡಮೆಯ ಗೂಟದ ಮೇಲೆ ಕೊಡೆಯಡಿಯಲ್ಲಿ ಕಾಯುತ್ತಿತ್ತು. ದಿನವೂ ಮರಳುವಾಗ ಅವರು ವಾಂತಿ ಮಾಡಿಕೊಂಡರು. ನೀರು ಇಳಿದು, ಕೆಸರು ತೊಳೆದು, ಗಂಟೆ ಮತ್ತೆ ಕೇಳಿಸತೊಡಗಿದ ಮೇಲೆ ದುಲ್ಸಿನ್ ಹಸಿರು ರವಕೆ ತೊಟ್ಟು ಮಗುವನ್ನು ಇಗರ್ಜಿಗೆ ಎತ್ತಿಕೊಂಡು ಹೋದಳು. ರವಕೆ ತುಂಬ ಸಡಿಲವಾಗಿತ್ತು. ಅವಳು ಅಷ್ಟು ಇಳಿದುಹೋಗಿದ್ದಳು. "ಬೇಕಂತಲೇ ಹಾಗೆ ಹೊಲಿದದ್ದು, ತುಂಬ್ಲಿಕ್ಕೆ ಜಾಗ ಬೇಡವಾ?" ಎಂದರು ಗಾಸ್ಪರರು.

ಆಮೇಲಿಂದ ಅವರದು ಅದೇ ಕ್ರಮವಾಯಿತು. ಚೀಲ ಹೊರಗೆ, ಟೇಪಿನೊಂದಿಗೆ ಒಳಗೆ. ಶೀತ ಬಂದವರ ಮನೆಗೂ ಹೋದರು, ಕಾಲು ಉಳುಕಿದವರ ಮನೆಗೂ ಹೋದರು. ತಾನು ಬಂದರೆ ಸಾವೇ ಬರಬೇಕೆಂದಿಲ್ಲ ಎಂದು ಜನರಿಗೆ ಅಭ್ಯಾಸವಾಗಲಿ ಎನ್ನುವುದು ಅವರ ಲೆಕ್ಕ. ಆದದ್ದು ಬೇರೆ. ವರ್ಷ ಕಳೆಯುವಷ್ಟರಲ್ಲಿ ಜನ ಟೇಪಿಗೇ ಹೆದರತೊಡಗಿದರು. ಹಬ್ಬಕ್ಕೆ ಅಂಗಿ ಹೊಲಿಸಲು ಬಂದವರು ಕೂಡ, "ಹಳೇ ಅಂಗಿ ತಂದಿದ್ದೇನೆ, ಅದರ ಮೇಲೆಯೇ ಅಳತೆ ತಕ್ಕೊಳ್ಳಿ, ಮೈಗೆ ಬೇಡ," ಎನ್ನುವಂತಾಯಿತು. ಆ ಕಡೆ ಕ್ರೈಸ್ತರನ್ನು ಕರೆಯುವಂತೆ ಗಾಸ್ಪರರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದ ಕುಂಞಿಯವರಿಗೆ ಇದು ದೊಡ್ಡ ತಮಾಷೆ. "ಪೊರ್ಬುಗಳೇ, ನಿಮ್ಮಿಂದ ನನ್ನ ಬಟ್ಟೆ ವ್ಯಾಪಾರ ಮುಳುಗಿತು!" ಗಾಸ್ಪರರು ಟೇಪು ಬಿಟ್ಟು ಕರಿಬೇವು ಕೇಳುವ ನೆಪ ಹಿಡಿದರು, ಆಮೇಲೆ ಮೊಟ್ಟೆಯದು, ಆಮೇಲೆ ಯಾರದೋ ಕೊಡೆ ಮರಳಿಸುವ ನೆಪ.

ಇಂತ್ರು ಅಜ್ಜನ ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ಅಜ್ಜನಿಗೆ ತೊಂಬತ್ತರ ಹತ್ತಿರ. ಗಾಸ್ಪರರು ಹಾಸಿಗೆಯ ಬಳಿ ಕುಳಿತು ಕೋಳಿಗಳ ವಿಷಯ, ಮಳೆಯ ವಿಷಯ ತೆಗೆದು ಹೊತ್ತು ತಳ್ಳುತ್ತಿದ್ದರು. ಅಜ್ಜ ಕಣ್ಣು ತೆರೆದು, "ನಾಟಕ ಸಾಕು ಗಾಸ್ಪರ. ಬತ್ತಿ ತೆಗಿ," ಎಂದರಂತೆ. ಗಾಸ್ಪರರು ತಡಮೆಗೆ ಓಡಿ ಬಂದು ನನ್ನ ಕೈಯಿಂದ ಚೀಲ ಕಿತ್ತುಕೊಂಡು ಹೋದರು. ಬಾಯಿ ಬಿಟ್ಟು ಕೇಳಿದವರಿಗೆ ತಡಮಾಡಬಾರದು ಎಂದು ಆಮೇಲೆ ತುಂಬ ದಿನ ಹೇಳುತ್ತಿದ್ದರು.

ಅವರ ಎಡಗೈಯ ಅಂಗೈಯಲ್ಲಿ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಕೆಂಡದ ಇಸ್ತ್ರಿಪೆಟ್ಟಿಗೆಯದೆಂದು ನಾನು ತಿಳಿದಿದ್ದೆ. ಮಾಗ್ದು ಬಾಯಿ ಒಮ್ಮೆ ಹೇಳಿದರು. "ಇಸ್ತ್ರಿಯದಾ? ಬತ್ತಿ ಹಿಡಿಸುವಾಗ ಕೆಳಗೆ ಅಂಗೈ ಒಡ್ಡುತ್ತಾರೆ. ಮೇಣ ಸಾಯುವವರ ಬೆರಳಿಗೆ ಬೀಳ್ಬಾರದಂತೆ. ಬಿದ್ದು ಅವರು ಕೈ ಎಳ್ಕೊಳ್ಳದಿದ್ರೆ ಇವರಿಗೆ ನೋಡ್ಲಿಕ್ಕೆ ಆಗುದಿಲ್ಲ."

ಎಪ್ಪತ್ತೊಂಬತ್ತರಲ್ಲಿ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಸಿಪ್ರಿಗೆ ಕಕ್ಕಿಂಜೆಯ ಮರದ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ದುಲ್ಸಿನ್ ತವರಿನ ಕಡೆಗೆ ಹೋದಳು. ಎಂಬತ್ತೆರಡರಲ್ಲಿ ಮಾಗ್ದು ಬಾಯಿ ಹೋದರು. ಅವರಿಗೆ ಪ್ರಾರ್ಥನೆ ಓದಿದ್ದು ಗಂಡನೇ. ನಾನು ಹೋದಾಗ ಗಾಸ್ಪರರು ಅಂಗೈಯನ್ನು ನೋಡುತ್ತ ಕುಳಿತಿದ್ದರು. "ಅವಳಿಗೆ ನಾನಿದ್ದೆ," ಎಂದರು.

ಎಂಬತ್ತಾರರ ಬೇಸಗೆಯಲ್ಲಿ ಕುಂಞಿಯವರು ಬಸ್ಸಿನವರ ಬಳಿ ಹೇಳಿ ಕಳುಹಿಸಿದರು. ಪೊರ್ಬುಗಳ ಹೊಟ್ಟೆಯಲ್ಲಿ ಗಡ್ಡೆ. ಮಂಗಳೂರಿನ ಆಸ್ಪತ್ರೆಯವರು ಮನೆಗೆ ಕಳುಹಿಸಿದ್ದಾರೆ. ನಾನು ಹೋದಾಗ ಬೆಳಗಿನ ಹೊತ್ತು. ತಡಮೆ ಮುಚ್ಚಿತ್ತು. ಅಂಗಳ ಗುಡಿಸಿರಲಿಲ್ಲ. ಕುಂಞಿಯವರ ಮನೆಯಿಂದ ಬಂದ ಗಂಜಿ ಹಾಗೆಯೇ ಆರಿತ್ತು. ಹಾಸಿಗೆಯಲ್ಲಿದ್ದುದು ಗಾಸ್ಪರರ ಮೂಳೆಗಳು. ಕಣ್ಣು ಮಾತ್ರ ಬಾಗಿಲ ಮೇಲೆ.

"ಯಾರು ಬಂದದ್ದು?" ಎಂದರು. ಎಷ್ಟೋ ಮನೆಗಳಲ್ಲಿ ಕೇಳಿದ ಅದೇ ಸಣ್ಣ ದನಿ.

"ನಾನು. ಬೇರೆ ಯಾರೂ ಬರ್ಲಿಲ್ವಾ?"

"ಫಾದರ್ ಬಂದು ಪ್ರಾರ್ಥನೆ ಮಾಡಿ ಹಣೆಗೆ ಎಣ್ಣೆ ಹಚ್ಚಿ ಹೋದ್ರು. ಕುಂಞಿಯವರು ಬರ್ತಾರೆ. ವಾರ್ಡಿನವರು ಒಬ್ಬರೂ ಇಲ್ಲ." ನನ್ನ ಕೈ ಹಿಡಿದರು. ಹಿಡಿತ ನೋಯುವಷ್ಟು ಬಿಗಿ. "ತಡಮೆ ಸದ್ದು ಆಗುದೇ ಇಲ್ಲ ಮಾಷ್ಟ್ರೇ. ಇಡೀ ದಿನ ಕಿವಿ ಕೊಟ್ಟು ಮಲಗ್ತೇನೆ. ನಾನು ಎಂಥ ತಪ್ಪು ಮಾಡಿದೆ? ಇವರೆಲ್ಲರ ಮನೆಗೆ ನಾನು ಹೋಗಿದ್ದೇನಲ್ಲ."

ನನಗೆ ಸಿಟ್ಟು ಬಂತು. ಪಕ್ಕದ ಮನೆಗೆ ಹೋಗಿ ಕೇಳಿಯೇ ಬಿಟ್ಟೆ. ಆ ಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. "ನಾವು ಹ್ಯಾಗೆ ಹೋಗುದು ಮಾಷ್ಟ್ರೇ? ಮನೆಯೊಳಗೆ ಜನ ಸೇರಿದ್ರೆ ಅವರಿಗೆ ಗೊತ್ತಾಗಿಬಿಡ್ತದಲ್ಲ. ಅವರಿಗೆ ಹೆದರಿಕೆ ಆಗ್ಬಾರದು ಅಂತ ನಾವು ತಡಮೆ ಹತ್ತಿರವೂ ಸುಳಿಯುದಿಲ್ಲ. ಮಕ್ಕಳಿಗೂ ಆ ದಾರಿಯಲ್ಲಿ ಹೋಗ್ಬೇಡಿ ಅಂತ ಹೇಳಿದ್ದೇವೆ."

ಮುಂದಿನ ಮನೆಯಲ್ಲೂ ಅದೇ ಉತ್ತರ. ಬೇಲಿಯ ಹಿಂದೆ ನಿಂತು ಅವರೆಲ್ಲ ಗಾಸ್ಪರರಿಗಾಗಿ ಜಪ ಮಾಡುತ್ತಿದ್ದರು, ದನಿ ಕೇಳಿಸದಂತೆ. ಅವರನ್ನು ಉಳಿಸಲೆಂದು ಇಡೀ ವಾರ್ಡು ಅಷ್ಟು ಪ್ರೀತಿಯಿಂದ ಅವರನ್ನು ಒಂಟಿ ಮಾಡಿಬಿಟ್ಟಿತ್ತು. ಇದನ್ನು ಅವರಿಗೆ ವಿವರಿಸಿದೆ. ಅವರಿಗೆ ನಂಬಿಕೆಯಾಗಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು.

ಕುಂಞಿಯವರು ಕಕ್ಕಿಂಜೆ ದಾರಿಯಾಗಿ ಚಾರ್ಮಾಡಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿ ದುಲ್ಸಿನಳಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಮಧ್ಯಾಹ್ನ ತಡಮೆಯ ಬಿದಿರು ಕಿರ್ರೆಂದಿತು. ಗಾಸ್ಪರರು ದಿಂಬಿನಿಂದ ತಲೆ ಎತ್ತಿದರು. ಬಾಗಿಲಲ್ಲಿ ದುಲ್ಸಿನ್ ನಿಂತಿದ್ದಳು. ಮೈ ತುಂಬಿಕೊಂಡಿದ್ದ ಗಟ್ಟಿ ಹೆಂಗಸು. ಕೈಯಲ್ಲಿ ಹಳೆಯ ಹಸಿರು ರವಕೆ.

"ಎಂಥ ಹೊಲಿಗೆ ಗುರಿಕಾರ್ರೇ ಇದು? ತೋಳು ಬಿಗಿಯಾಗ್ತದೆ. ಬಿಚ್ಚಿ ಸರಿ ಮಾಡಿ ಕೊಡಿ."

ಅವರು ರವಕೆಯನ್ನು ಕೈಯಲ್ಲಿ ಹಿಡಿದು ಹೊಲಿಗೆಯ ಅಂಚನ್ನು ಬೆರಳಿನಿಂದ ಸವರಿದರು. "ಒಳಗೆ ಬಟ್ಟೆ ಬಿಟ್ಟಿದ್ದೇನೆ. ಬಿಚ್ಚಿದ್ರೆ ಆಗ್ತದೆ," ಎಂದರು. ತುಂಬ ದಿನಗಳ ಮೇಲೆ ಅವರು ಗಂಜಿಗೆ ಬಾಯಿ ತೆರೆದದ್ದು ಆಗ.

ದುಲ್ಸಿನ್ ಬೇಲಿಯ ಬಳಿ ಹೋಗಿ ಏನು ಹೇಳಿದಳೋ ತಿಳಿಯದು. ಬೈದದ್ದು ಮಾತ್ರ ನಮಗೆ ಕೇಳಿಸಿತು. ಸಂಜೆಯೊಳಗೆ ಜನ ಬರತೊಡಗಿದರು. ಯಾರೂ ಜಪಸರ ಹಿಡಿದು ಬರಲಿಲ್ಲ. ಒಬ್ಬ ಗುಂಡಿ ಕಿತ್ತುಹೋದ ಅಂಗಿ ತಂದ. ಇನ್ನೊಬ್ಬಳು ಅಂಚು ಬಿಟ್ಟ ಲಂಗ ತಂದಳು. ಅಪೊಲಿನ್ ಬಾಯಿ ಮಗಳ ಮನೆಯಿಂದ ಕೋಲೂರಿಕೊಂಡು ಬಂದು, ಯಾವ ದೋಷವೂ ಇಲ್ಲದ ರವಕೆಯೊಂದನ್ನು ಹಾಸಿಗೆಯ ಮೇಲೆ ಎಸೆದು, "ಇದು ಸರಿಯಿಲ್ಲ," ಎಂದು ಕುಳಿತುಬಿಟ್ಟರು. ಕುಂಞಿಯವರು ಒಂದು ಇಡೀ ಥಾನು ಬಟ್ಟೆ ಹೊತ್ತು ತಂದರು. "ಪೊರ್ಬುಗಳೇ, ಬೇಗ ಏಳಿ, ಪೆರ್ನಾಳ್ ಹಬ್ಬ ಹತ್ತಿರ ಬಂತು." ಕಾಲಿನ ಕಡೆ ಬಟ್ಟೆಗಳ ರಾಶಿ ಬೆಳೆಯಿತು. ತಡಮೆ ಮುಚ್ಚುವ, ತೆರೆಯುವ ಸದ್ದು ನಿಲ್ಲಲೇ ಇಲ್ಲ. ಅವರು ಪ್ರತಿಯೊಂದನ್ನೂ ಮುಟ್ಟಿ ನೋಡಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ಹೇಳಿದರು.

ಮತ್ತೊಂದು ದಿನ ಹೀಗೆಯೇ ಹೋಯಿತು. ಅದರ ಮರುದಿನ ಬೆಳಿಗ್ಗೆ, ಮನೆ ತುಂಬ ಜನರಿದ್ದಾಗ, ಅವರು ಕೈಯಲ್ಲಿದ್ದ ಅಂಗಿಯನ್ನು ಬದಿಗಿಟ್ಟರು.

"ಅಂಗಿ ಸಾಕು. ಬತ್ತಿ ತೆಗಿ."

ನಾನು ಚಾವಡಿಯ ಮೊಳೆಯಿಂದ ಖಾಕಿ ಚೀಲ ತಂದು ದುಲ್ಸಿನಳ ಕೈಗೆ ಕೊಟ್ಟೆ. ಇಷ್ಟು ವರ್ಷ ಹೊರಗೆ ನಿಂತಿದ್ದವನು ಆ ದಿನ ಹೊರಗೆ ಹೋಗಲಿಲ್ಲ. ಅವಳು ಬತ್ತಿ ಉರಿಸಿದಳು. ಪ್ರಾರ್ಥನೆ ಶುರುವಾಯಿತು, ಯಾರ ದನಿಯೂ ಅವರ ದನಿಯಂತಿರಲಿಲ್ಲ, ಎಲ್ಲರದೂ ನಡುಗುತ್ತಿತ್ತು.

"ಹೆದರಿಕೆ ಆಗ್ತದೆ," ಎಂದರು ಗಾಸ್ಪರರು.

"ನನಗೂ," ಎಂದಳು ದುಲ್ಸಿನ್. "ಸೇರಿ ಹೆದರುವ."

ಬತ್ತಿಯನ್ನು ಅವರ ಬೆರಳುಗಳಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿದಳು. ಜ್ವಾಲೆ ಓಲಾಡಿತು. ಅವರ ಕಣ್ಣು ಜ್ವಾಲೆಯ ಮೇಲಿರಲಿಲ್ಲ, ಕರಗಿ ಜಾರುತ್ತಿದ್ದ ಮೇಣದ ಮೇಲಿತ್ತು. ಅದು ಹೆಬ್ಬೆರಳ ಕಡೆಗೆ ಇಳಿಯುತ್ತಿತ್ತು. ಅವರು ಹೆಬ್ಬೆರಳನ್ನು ಒಳಗೆ ಮಡಚಲು ನೋಡಿದರು. ಏನೆಂದು ನನಗೆ ತಿಳಿದು, "ಮೇಣ ಅವರ ಕೈಗೆ ಬೀಳದ ಹಾಗೆ ನೋಡಮ್ಮ," ಎಂದೆ. ಅವಳು ಇನ್ನೊಂದು ಅಂಗೈಯನ್ನು ಕೆಳಗೆ ಒಡ್ಡಿದಳು. ಹನಿ ಬಿತ್ತು. ಅವಳ ಬಾಯಿಂದ "ಸ್ಸ್" ಎಂದು ಸದ್ದು ಬಂತು.

ಗಾಸ್ಪರರು ಅವಳ ಮುಖ ನೋಡಿದರು.

"ಸುಟ್ಟಿತಾ?"

"ಹೂಂ. ಸುಟ್ಟಿತು."

"ಕೈ ತೆಗಿ ಮಾರಾಯ್ತಿ."

"ತೆಗಿಯುದಿಲ್ಲ."

ಅವರು ಮತ್ತೆ ಮಾತಾಡಲಿಲ್ಲ. ಬತ್ತಿ ಬಹಳ ಹೊತ್ತು ಉರಿಯಿತು. ಎರಡನೆಯ ಹನಿ ಬಿದ್ದಾಗಲೂ, ಆಮೇಲಿನ ಹನಿಗಳು ಬಿದ್ದಾಗಲೂ, ದುಲ್ಸಿನ್ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು.